ಮನೆಯ ಶೆಡ್ಡಿಗೆ ಟಿಗ್ ವೆಲ್ಡಿಂಗ್ ಯಂತ್ರ: ಕಲಬುರಗಿ ಸೀಮೆಯ ಬಿಸಿಲು, ವಿದ್ಯುತ್ತು, ಆರ್ಗಾನ್ ನೋಡಿಕೊಂಡು ಆರಿಸುವ ಬಗೆ

ಟಿಗ್, ಎಂದರೆ ಆರ್ಗಾನ್ ವೆಲ್ಡಿಂಗ್ ಯಂತ್ರ ಕೊಳ್ಳಲು ಹೊರಟವರು ಅಂಗಡಿಯಲ್ಲಿ ಮೊದಲು ಕೇಳುವುದು ‘ಎಷ್ಟು ಆಂಪಿಯರಿನದು ತೆಗೆದುಕೊಳ್ಳಬೇಕು?’ ಎಂದು. ಅದು ಕೊನೆಯಲ್ಲಿ ಕೇಳಬೇಕಾದ ಪ್ರಶ್ನೆ ಎಂಬುದು ನನ್ನ ಅಭಿಪ್ರಾಯ. ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳಲ್ಲಿ ಮನೆಯ ಹಿಂದಿನ ಶೆಡ್ಡಿನಲ್ಲೋ ಹೊಲದ ಮನೆಯಲ್ಲೋ ಸ್ವಂತ ಕೆಲಸಕ್ಕೆ ವೆಲ್ಡಿಂಗ್ ಮಾಡಿಕೊಳ್ಳುವವರು ಮೊದಲು ತಾವು ಬೆಸೆಯಲಿರುವ ಲೋಹ ಯಾವುದೆಂದು ಖಚಿತಪಡಿಸಿಕೊಳ್ಳಬೇಕು. ಆಮೇಲೆ ಮನೆಯ ವಿದ್ಯುತ್ ಸಂಪರ್ಕ ಎಷ್ಟು ಭಾರ ತಾಳುತ್ತದೆ, ಆರ್ಗಾನ್ ಸಿಲಿಂಡರ್ ತುಂಬಿಸಲು ಎಷ್ಟು ದೂರ ಹೋಗಬೇಕು ಎಂಬುದನ್ನು ನೋಡಬೇಕು. ಇಷ್ಟು ತಿಳಿದಮೇಲೆ ಆಂಪಿಯರಿನ ಅಂಕಿ ತಾನಾಗಿ ಗೊತ್ತಾಗುತ್ತದೆ.

ಅದಕ್ಕಿಂತ ಮೊದಲು, ಟಿಗ್ ನಿಮಗೆ ನಿಜವಾಗಿ ಬೇಕೇ ಎಂಬುದನ್ನೂ ಯೋಚಿಸಿ. ಕುಂಟೆ, ಕೂರಿಗೆ, ಟ್ರಾಲಿಯ ಕೊಂಡಿ, ದನದ ಕೊಟ್ಟಿಗೆಯ ಗೇಟು ಇಂಥವೇ ನಿಮ್ಮ ಕೆಲಸವಾದರೆ ಸಾಧಾರಣ ರಾಡ್ ವೆಲ್ಡಿಂಗ್ ಯಂತ್ರ ಸಾಕು. ಅದು ಅಗ್ಗ, ಗಾಳಿಯಲ್ಲೂ ನಡೆಯುತ್ತದೆ, ಸ್ವಲ್ಪ ತುಕ್ಕು ಮಣ್ಣುಗಳನ್ನೂ ಸಹಿಸಿಕೊಳ್ಳುತ್ತದೆ. ಟಿಗ್‌ಗೆ ಈ ಯಾವ ಸಹನೆಯೂ ಇಲ್ಲ. ಲೋಹವನ್ನು ಹೊಳೆಯುವವರೆಗೆ ಉಜ್ಜಬೇಕು, ಎಣ್ಣೆಯ ಜಿಡ್ಡು ಒರೆಸಬೇಕು, ನಿಧಾನವಾಗಿ ಕೈ ನಡೆಸಬೇಕು. ಆದರೆ ಒಂದು ಮಿಲಿಮೀಟರ್ ದಪ್ಪದ ಸ್ಟೇನ್‌ಲೆಸ್ ಸ್ಟೀಲ್ ಹಾಳೆ, ಬೈಕಿನ ಸೈಲೆನ್ಸರ್ ಕೊಳವೆ, ಮೆಟ್ಟಿಲಿನ ಎಸ್‌ಎಸ್ ರೇಲಿಂಗ್, ಸೈಕಲ್ ಫ್ರೇಮು, ಬಿರುಕು ಬಿಟ್ಟ ಅಲ್ಯೂಮಿನಿಯಂ ಕವಚ ಇವುಗಳಲ್ಲಿ ಕಿಡಿ ಸಿಡಿಯದೆ, ಮೇಲೆ ಬೂದಿಪದರ ಕಟ್ಟದೆ, ಗ್ರೈಂಡರ್ ಹಿಡಿಯುವ ಅಗತ್ಯವೇ ಇಲ್ಲದಂಥ ಬೆಸುಗೆ ಬೇಕೆಂದರೆ ಮನೆಯ ಮಟ್ಟದಲ್ಲಿ ಇದಕ್ಕೆ ಸಾಟಿಯಾದ ವಿಧಾನ ಬೇರೊಂದಿಲ್ಲ.

ನಮ್ಮ ಕಡೆ ಅಂಗಡಿಗಳಲ್ಲಿ ‘ಆರ್ಗಾನ್ ವೆಲ್ಡಿಂಗ್’ ಎಂದರೇ ಬೇಗ ಅರ್ಥವಾಗುವ ಈ ವಿಧಾನದಲ್ಲಿ ಕಿಡಿ (ಆರ್ಕ್) ಹೊತ್ತುವುದು ಟಂಗ್‌ಸ್ಟನ್ ಕಡ್ಡಿಯ ತುದಿಗೂ ಬೆಸೆಯುವ ಲೋಹಕ್ಕೂ ನಡುವೆ. ಟಂಗ್‌ಸ್ಟನ್ 3,422 ಡಿಗ್ರಿ ಸೆಲ್ಸಿಯಸ್‌ವರೆಗೆ ಕರಗದ ಲೋಹವಾದ್ದರಿಂದ ರಾಡಿನಂತೆ ಕರಗಿ ಬೆಸುಗೆಗೆ ಸೇರುವುದಿಲ್ಲ; ಬೇಕಾದಷ್ಟು ತುಂಬುಲೋಹವನ್ನು ಇನ್ನೊಂದು ಕೈಯಿಂದ ಫಿಲ್ಲರ್ ತಂತಿಯ ರೂಪದಲ್ಲಿ ಉಣಿಸುತ್ತ ಹೋಗುತ್ತೇವೆ. ಆ ಕಡ್ಡಿಯನ್ನು ಸಿಕ್ಕಿಸುವ ಹಿಡಿಕೆಯಾದ ಟಾರ್ಚಿನ ಸೆರಾಮಿಕ್ ಬಟ್ಟಲಿನಿಂದ ಹೊರಡುವ ಆರ್ಗಾನ್ ಅನಿಲವು ಕರಗಿದ ಲೋಹಕ್ಕೆ ಹೊರಗಿನ ಗಾಳಿ ತಾಗದಂತೆ ಮರೆಯಾಗಿ ನಿಲ್ಲುತ್ತದೆ. 1941ರ ಸುಮಾರಿಗೆ ಅಮೆರಿಕದ ನಾರ್ಥ್‌ರಪ್ ವಿಮಾನ ಕಂಪನಿಯಲ್ಲಿ ರಸೆಲ್ ಮೆರೆಡಿತ್ ಅವರು ಮೆಗ್ನೀಸಿಯಂ ಭಾಗಗಳನ್ನು ಬೆಸೆಯಲು ಇದನ್ನು ರೂಪಿಸಿದಾಗ ಬಳಸಿದ್ದು ಹೀಲಿಯಂ ಅನಿಲವನ್ನು; ಆರ್ಗಾನ್ ರೂಢಿಗೆ ಬಂದದ್ದು ಆಮೇಲೆ.

ಮೊದಲು ಲೋಹ: ಡಿಸಿ ಸಾಕೇ, ಎಸಿಯೂ ಬೇಕೇ

ಯಂತ್ರದ ಬೆಲೆಯನ್ನು ಎಲ್ಲಕ್ಕಿಂತ ಹೆಚ್ಚಾಗಿ ಏರಿಸುವುದು ಈ ಒಂದು ನಿರ್ಧಾರ. ಎಂಎಸ್ ಎಂದು ಕರೆಯುವ ಸಾಧಾರಣ ಉಕ್ಕು, ಸ್ಟೇನ್‌ಲೆಸ್ ಸ್ಟೀಲ್, ತಾಮ್ರ ಇವೆಲ್ಲಕ್ಕೂ ಒಂದೇ ದಿಕ್ಕಿನಲ್ಲಿ ಹರಿಯುವ ಡಿಸಿ ವಿದ್ಯುತ್ತು ಸಾಕು. ಟಾರ್ಚು ಋಣ ತುದಿಗೆ, ಬೆಸೆಯುವ ಲೋಹಕ್ಕೆ ಕಚ್ಚಿಸುವ ಅರ್ಥಿಂಗ್ ಕ್ಲಾಂಪು ಧನ ತುದಿಗೆ ಸೇರಿರುತ್ತದೆ. ಅಲ್ಯೂಮಿನಿಯಂ ಮಾತ್ರ ಬೇರೆ. ಅದರ ಮೇಲ್ಮೈಯಲ್ಲಿ ಸದಾ ಇರುವ ಆಕ್ಸೈಡ್ ಪೊರೆ ಕರಗುವುದು ಎರಡು ಸಾವಿರ ಡಿಗ್ರಿಗೂ ಮೇಲೆ, ಒಳಗಿನ ಅಲ್ಯೂಮಿನಿಯಂ ಕರಗುವುದು 660 ಡಿಗ್ರಿಗೆ. ಡಿಸಿ ಕಿಡಿಯಿಂದ ಕಾಯಿಸಿದರೆ ಒಳಗಿನ ಲೋಹ ನೀರಾದರೂ ಮೇಲಿನ ಪೊರೆ ಚೀಲದಂತೆ ಉಳಿದು, ಕೊನೆಗೊಮ್ಮೆ ಎಲ್ಲವೂ ಕುಸಿದು ತೂತು ಬೀಳುತ್ತದೆ. ಎಸಿಯಲ್ಲಿ ವಿದ್ಯುತ್ತಿನ ದಿಕ್ಕು ಬದಲಾಗುತ್ತಿರುವುದರಿಂದ, ಟಾರ್ಚು ಧನವಾಗುವ ಅರ್ಧದಲ್ಲಿ ಪೊರೆ ಒಡೆದು ಚದರುತ್ತದೆ, ಋಣವಾಗುವ ಅರ್ಧದಲ್ಲಿ ಲೋಹಕ್ಕೆ ಕಾವು ಇಳಿಯುತ್ತದೆ. ಒಳಗೆ ಎಲೆಕ್ಟ್ರಾನಿಕ್ ಬೋರ್ಡಿರುವ, ‘ಇನ್ವರ್ಟರ್’ ಎಂದು ಕರೆಯುವ ಹೊಸ ವೆಲ್ಡಿಂಗ್ ಯಂತ್ರಗಳಲ್ಲಿ ಈ ಎರಡು ಅರ್ಧಗಳ ಪಾಲನ್ನು ಹೆಚ್ಚು ಕಡಿಮೆ ಮಾಡುವ ‘ಬ್ಯಾಲೆನ್ಸ್’ ಗುಂಡಿಯೂ, ಕಿಡಿಯ ಅಗಲವನ್ನು ಕುಗ್ಗಿಸುವ ‘ಫ್ರೀಕ್ವೆನ್ಸಿ’ ಗುಂಡಿಯೂ ಇರುತ್ತವೆ. ಎಸಿ ಯಂತ್ರ ಕೊಳ್ಳುವುದಾದರೆ ಇವೆರಡೂ ಇರುವುದನ್ನೇ ಕೊಳ್ಳಿ.

ಎಸಿ-ಡಿಸಿ ಎರಡೂ ಕೊಡುವ ಯಂತ್ರದ ಬೆಲೆ ಬರೀ ಡಿಸಿ ಯಂತ್ರದ ದುಪ್ಪಟ್ಟಿಗೂ ಮೀರುವುದು ಸಾಮಾನ್ಯ; ತೂಕವೂ ಹೆಚ್ಚು, ಒಳಗಿನ ಎಲೆಕ್ಟ್ರಾನಿಕ್ ಬಿಡಿಭಾಗಗಳೂ ಹೆಚ್ಚು. ‘ಮುಂದೆ ಯಾವಾಗಲಾದರೂ ಅಲ್ಯೂಮಿನಿಯಂ ಕೆಲಸ ಬಂದರೆ’ ಎಂಬ ಆಸೆಗೆ ಅಷ್ಟು ಹಣ ಕೊಡುವುದು ಸರಿಯಲ್ಲ. ವರ್ಷಕ್ಕೊಮ್ಮೆ ಬರುವ ಸ್ಕೂಟರಿನ ಎಂಜಿನ್ ಕವಚವನ್ನೋ ಹಿಂಡಾಲಿಯಂ ಪಾತ್ರೆಯ ಹಿಡಿಕೆಯನ್ನೋ ಪೇಟೆಯ ಆರ್ಗಾನ್ ವೆಲ್ಡಿಂಗ್ ಅಂಗಡಿಗೆ ಕೊಟ್ಟು ಮಾಡಿಸುವುದೇ ಅಗ್ಗ. ಬೈಕು, ಸೈಕಲ್ ಭಾಗಗಳನ್ನು ನಿಯಮಿತವಾಗಿ ಮಾಡುವ ಇರಾದೆ ನಿಜವಾಗಿ ಇದ್ದರೆ ಮಾತ್ರ ಎಸಿಗೆ ಕೈ ಹಾಕಿ. ಡಿಸಿ ಯಂತ್ರವನ್ನೇ ತೋರಿಸಿ ‘ಇದರಲ್ಲಿ ಅಲ್ಯೂಮಿನಿಯಂ ಕೂಡ ಆಗುತ್ತದೆ’ ಎನ್ನುವ ಮಾರಾಟಗಾರರು ಇದ್ದಾರೆ. ಅಲ್ಲಿಯೇ ಒಂದು ತುಂಡು ಬೆಸೆದು ತೋರಿಸಲು ಹೇಳಿದರೆ ಮಾತು ಮುಗಿಯುತ್ತದೆ.

ದಪ್ಪದ ಲೆಕ್ಕ ಸುಲಭ. ಉಕ್ಕಿನ ಪ್ರತಿ ಮಿಲಿಮೀಟರ್ ದಪ್ಪಕ್ಕೆ ಅಂದಾಜು 40 ಆಂಪಿಯರ್ ಬೇಕು. ಒಂದು ಮಿಲಿಮೀಟರ್ ಹಾಳೆಗೆ 40, ಮೂರು ಮಿಲಿಮೀಟರ್ ಪಟ್ಟಿಗೆ 120. ಸ್ಟೇನ್‌ಲೆಸ್ ಸ್ಟೀಲಿಗೆ ಇದಕ್ಕಿಂತ ಸ್ವಲ್ಪ ಕಡಿಮೆ, ಅಲ್ಯೂಮಿನಿಯಂಗೆ ಹೆಚ್ಚು. ಹವ್ಯಾಸದ ಕೆಲಸ ಮೂರು ನಾಲ್ಕು ಮಿಲಿಮೀಟರ್ ದಾಟುವುದು ಅಪರೂಪ. ದಾಟಿದರೂ ಅಂಚನ್ನು ಓರೆಯಾಗಿ ಉಜ್ಜಿ ಎರಡು ಸುತ್ತು ಹಾಕಬಹುದು. ಆದ್ದರಿಂದ 160ರಿಂದ 200 ಆಂಪಿಯರಿನ ಯಂತ್ರ ಧಾರಾಳವಾಗಿ ಸಾಕು, 250 ಅಥವಾ 300ರ ಯಂತ್ರ ಮನೆಗೆ ಬೇಡ. ಎಲ್ಲರೂ ಗರಿಷ್ಠ ಆಂಪಿಯರ್ ಕೇಳುತ್ತಾರೆ, ಕನಿಷ್ಠ ಎಷ್ಟೆಂದು ಕೇಳುವವರು ಕಡಿಮೆ. ತೆಳು ಎಸ್‌ಎಸ್ ಕೆಲಸಕ್ಕೆ ಮುಖ್ಯವಾದದ್ದು ಈ ಕನಿಷ್ಠವೇ: ಐದು ಹತ್ತು ಆಂಪಿಯರಿನಲ್ಲೂ ಕಿಡಿ ಅಲುಗಾಡದೆ ನಿಲ್ಲುವ ಯಂತ್ರವು, 20ಕ್ಕಿಂತ ಕೆಳಗೆ ಇಳಿದರೆ ತೊದಲುವ 250ರ ಯಂತ್ರಕ್ಕಿಂತ ಎಷ್ಟೋ ಮೇಲು.

ಮನೆಯ ವಿದ್ಯುತ್ತು

ಟಿಗ್ ಯಂತ್ರ ಭಾರಿ ವಿದ್ಯುತ್ತು ಎಳೆಯುತ್ತದೆ ಎಂಬ ಭಯ ಅರ್ಧ ಮಾತ್ರ ನಿಜ. ವೆಲ್ಡಿಂಗ್ ಯಂತ್ರಗಳ ಅಂತರರಾಷ್ಟ್ರೀಯ ಮಾನದಂಡದ ಲೆಕ್ಕದಲ್ಲಿ ಟಿಗ್ ಕಿಡಿಯ ವೋಲ್ಟೇಜು 100 ಆಂಪಿಯರಿಗೆ 14 ವೋಲ್ಟ್, 200 ಆಂಪಿಯರಿಗೆ 18 ವೋಲ್ಟ್. ಯಂತ್ರದೊಳಗಿನ ನಷ್ಟವನ್ನೂ, ಸಾಧಾರಣ ಇನ್ವರ್ಟರ್ ಯಂತ್ರಗಳಲ್ಲಿ 0.7ರ ಆಸುಪಾಸಿನಲ್ಲಿರುವ ಪವರ್ ಫ್ಯಾಕ್ಟರನ್ನೂ (ಎಳೆದ ವಿದ್ಯುತ್ತಿನಲ್ಲಿ ನಿಜವಾಗಿ ಕೆಲಸಕ್ಕೆ ಒದಗುವ ಪಾಲು) ಸೇರಿಸಿ ನೋಡಿದರೆ, 100 ಆಂಪಿಯರ್ ಬೆಸುಗೆಗೆ ಗೋಡೆಯ ಸಾಕೆಟ್ಟಿನಿಂದ ಎಳೆಯುವುದು ಸುಮಾರು 11 ಆಂಪಿಯರ್. 200ಕ್ಕೆ 28ರ ಹತ್ತಿರ. ಎಂದರೆ ಗೀಸರಿಗೆ ಹಾಕಿಸಿದ 16 ಆಂಪಿಯರ್ ಸಾಕೆಟ್ಟಿನಲ್ಲಿಯೇ 120 ಆಂಪಿಯರ್‌ವರೆಗಿನ ಟಿಗ್ ಕೆಲಸ ನಡೆಯುತ್ತದೆ. ಅದೇ ಯಂತ್ರದಲ್ಲಿ 120 ಆಂಪಿಯರಿಗೆ ರಾಡ್ ಹಾಕಿ ಸುಟ್ಟರೆ ಕಿಡಿಯ ವೋಲ್ಟೇಜು ಸುಮಾರು 25ಕ್ಕೆ ಏರುವುದರಿಂದ 23 ಆಂಪಿಯರ್ ಬೇಕಾಗಿ ಎಂಸಿಬಿ ಬೀಳುತ್ತದೆ. ಯಂತ್ರದ ಹಿಂಬದಿಯ ಫಲಕದಲ್ಲಿ ಗರಿಷ್ಠ ಒಳಹರಿವಿನ ಅಂಕಿ ಬರೆದಿರುತ್ತದೆ. ಅದನ್ನು ಓದದೆ ಹಣ ಕೊಡಬೇಡಿ.

200 ಆಂಪಿಯರ್ ಪೂರ್ತಿ ಬಳಸುವ ಇರಾದೆ ಇದ್ದರೆ ಮೀಟರಿನ ಬಳಿಯಿಂದಲೇ ಪ್ರತ್ಯೇಕ ತಂತಿ ಎಳೆಸಿ, 32 ಆಂಪಿಯರಿನ ಕೈಗಾರಿಕಾ ಸಾಕೆಟ್ ಹಾಕಿಸಬೇಕು. ತಾಮ್ರದ ತಂತಿ 4 ಚದರ ಮಿಲಿಮೀಟರಿಗಿಂತ ಸಣ್ಣದಿರಬಾರದು, ಶೆಡ್ಡು ದೂರವಿದ್ದರೆ 6 ಇರಲಿ. ಹಳೆಯ ಮನೆಗಳಲ್ಲಿ ಅರ್ಥಿಂಗ್ ಹೆಸರಿಗಷ್ಟೇ ಇರುತ್ತದೆ. ಎಲೆಕ್ಟ್ರಿಷಿಯನ್ನನ್ನು ಕರೆಸಿ ಅಳತೆ ಮಾಡಿಸಿ. ಜೆಸ್ಕಾಂ ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟೆಂದು ಮುದ್ರಿಸಿರುತ್ತದೆ, ಒಂದೆರಡು ಕಿಲೋವ್ಯಾಟ್ ಮಾತ್ರ ಇದ್ದರೆ ಹೆಚ್ಚುವರಿ ಲೋಡಿಗೆ ಅರ್ಜಿ ಹಾಕುವುದು ಒಳ್ಳೆಯದು. ಹೊಲದಲ್ಲಿ ಪಂಪ್‌ಸೆಟ್ಟಿಗೆಂದು ಕೊಟ್ಟ ಸಂಪರ್ಕ ನೀರಾವರಿಗೆ ಮೀಸಲಾದದ್ದು, ಅದರಿಂದ ವೆಲ್ಡಿಂಗ್ ಯಂತ್ರ ನಡೆಸುವುದು ನಿಯಮಕ್ಕೆ ವಿರುದ್ಧ.

ನಮ್ಮ ಹಳ್ಳಿಗಳಲ್ಲಿ ನಿಜವಾದ ತೊಡಕು ವೋಲ್ಟೇಜ್ ಇಳಿತ. ಬೇಸಿಗೆಯ ಸಂಜೆ ಓಣಿಯ ಕೂಲರುಗಳೆಲ್ಲ ಒಟ್ಟಿಗೆ ತಿರುಗತೊಡಗಿದಾಗ ಲೈನಿನ ಕೊನೆಯ ಮನೆಗೆ 230 ವೋಲ್ಟ್ ಎಂಬುದು ಕಾಗದದ ಮಾತು. ಹೆಚ್ಚಿನ ಯಂತ್ರಗಳು 15 ಪ್ರತಿಶತ ಏರಿಳಿತ ಸಹಿಸುವಂತೆ ಮಾಡಿರುತ್ತಾರೆ, ಎಂದರೆ ಸುಮಾರು 195 ವೋಲ್ಟಿನವರೆಗೆ. ನಿಮ್ಮ ಮನೆಯಲ್ಲಿ ಅದಕ್ಕಿಂತ ಕೆಳಗೆ ಇಳಿಯುತ್ತದೆಯೇ ಎಂದು ಒಂದು ವಾರ ಬೇರೆ ಬೇರೆ ಹೊತ್ತಿನಲ್ಲಿ ಮಲ್ಟಿಮೀಟರ್ ಹಿಡಿದು ನೋಡಿ. ಇಳಿಯುತ್ತದೆ ಎಂದಾದರೆ ಪವರ್ ಫ್ಯಾಕ್ಟರನ್ನು ಸರಿಪಡಿಸುವ, ‘ಪಿಎಫ್‌ಸಿ’ ಎಂದು ಗುರುತಿಸುವ, ಅಗಲವಾದ ವೋಲ್ಟೇಜ್ ವ್ಯಾಪ್ತಿಯ ಯಂತ್ರಕ್ಕೆ ಹೆಚ್ಚಿನ ಹಣ ಕೊಡುವುದು ನ್ಯಾಯ. ದೊಡ್ಡ ಸ್ಟೆಬಿಲೈಸರ್ ಕೊಂಡು ಕೂರಿಸುವುದಕ್ಕಿಂತ ಅದೇ ಲೇಸು. ಅದೇ ಯಂತ್ರ ಕಡಿಮೆ ಆಂಪಿಯರ್ ಎಳೆಯುತ್ತದೆ ಎಂಬುದು ಇನ್ನೊಂದು ಲಾಭ. ಮನೆಯ ಬ್ಯಾಟರಿ ಇನ್ವರ್ಟರಿಗೆ ಇದನ್ನು ಜೋಡಿಸುವ ಯೋಚನೆಯನ್ನೇ ಬಿಡಿ.

ಬೇಸಿಗೆ ಮತ್ತು ಡ್ಯೂಟಿ ಸೈಕಲ್

ಡ್ಯೂಟಿ ಸೈಕಲ್ ಎಂದರೆ ಹತ್ತು ನಿಮಿಷದಲ್ಲಿ ಎಷ್ಟು ನಿಮಿಷ ಯಂತ್ರ ಎಡೆಬಿಡದೆ ಕಿಡಿ ಉರಿಸಬಲ್ಲದು ಎಂಬ ಲೆಕ್ಕ. 200 ಆಂಪಿಯರಿಗೆ 30 ಪ್ರತಿಶತ ಎಂದು ಬರೆದಿದ್ದರೆ ಮೂರು ನಿಮಿಷ ಬೆಸುಗೆ, ಏಳು ನಿಮಿಷ ವಿರಾಮ. ಆಂಪಿಯರ್ ಇಳಿಸಿದಂತೆ ಈ ಪಾಲು ಬೇಗ ಏರುತ್ತದೆ. ಅದೇ ಯಂತ್ರ 110ರ ಸುಮಾರಿನಲ್ಲಿ ನಿರಂತರವಾಗಿ ನಡೆಯಬಲ್ಲದು. ಹವ್ಯಾಸಿಗೆ ಇದು ಯಥೇಷ್ಟ, ಏಕೆಂದರೆ ಟಿಗ್ ಕೆಲಸದಲ್ಲಿ ಉಜ್ಜುವುದು, ಹಿಡಿಕೆ ಬಿಗಿಯುವುದು, ಟಂಗ್‌ಸ್ಟನ್ ಚೂಪು ಮಾಡುವುದು ಇವಕ್ಕೇ ಹೆಚ್ಚು ಹೊತ್ತು ಹೋಗುತ್ತದೆ.

ಗಮನಿಸಬೇಕಾದದ್ದು ಆ ಅಂಕಿಯನ್ನು ಯಾವ ಶಾಖದಲ್ಲಿ ಅಳೆದದ್ದು ಎಂಬುದು. ಅಂತರರಾಷ್ಟ್ರೀಯ ಮಾನದಂಡದಂತೆ ಪರೀಕ್ಷೆ ನಡೆಯಬೇಕಾದದ್ದು 40 ಡಿಗ್ರಿಯಲ್ಲಿ. ಅಗ್ಗದ ಕೆಲವು ಯಂತ್ರಗಳ ಕೈಪಿಡಿಯಲ್ಲಿ 20 ಅಥವಾ 25 ಡಿಗ್ರಿಯ ಅಂಕಿ ಕೊಟ್ಟು ‘60 ಪ್ರತಿಶತ’ ಎಂದು ದೊಡ್ಡದಾಗಿ ಅಚ್ಚು ಹಾಕಿರುತ್ತಾರೆ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿಯ ನೆರಳಿನ ಶಾಖವೇ 40 ದಾಟುತ್ತದೆ, ತಗಡಿನ ಶೆಡ್ಡಿನೊಳಗೆ ಇನ್ನೂ ಹೆಚ್ಚು. ಮಾನದಂಡದ ಪ್ರಕಾರ ಅಳೆದ ಯಂತ್ರವೇ ಇಲ್ಲಿ ಅಂಚಿನಲ್ಲಿ ನಡೆಯುವಾಗ, 25 ಡಿಗ್ರಿಯ ಅಂಕಿ ತೋರಿಸುವ ಯಂತ್ರ ಮಧ್ಯಾಹ್ನ ಅತಿಯಾಗಿ ಕಾದಿದೆ ಎಂಬ ಹಳದಿ ದೀಪ ಹಚ್ಚಿಕೊಂಡು ಕೂರುವುದರಲ್ಲಿ ಆಶ್ಚರ್ಯವಿಲ್ಲ. ಆದ್ದರಿಂದ ಈ ಸೀಮೆಯಲ್ಲಿ ನಿಮ್ಮ ಕೆಲಸಕ್ಕೆ 130 ಆಂಪಿಯರ್ ಸಾಕೆನಿಸಿದರೂ 200ರ ಯಂತ್ರ ಕೊಳ್ಳಿ ಎನ್ನುತ್ತೇನೆ. ಆ ಹೆಚ್ಚಿನದು ದಪ್ಪ ಲೋಹಕ್ಕಾಗಿ ಅಲ್ಲ, ಬಿಸಿಲಿಗಾಗಿ. ಬೇಸಿಗೆಯಲ್ಲಿ ಬೆಸುಗೆಯ ಕೆಲಸವನ್ನು ಬೆಳಗಿನ ಹೊತ್ತಿಗೆ ಇಟ್ಟುಕೊಂಡರೆ ಯಂತ್ರಕ್ಕೂ ಸುಖ, ಚರ್ಮದ ಕೈಗವಸು ತೊಟ್ಟವರಿಗೂ ಸುಖ.

ಕಿಡಿ ಹೊತ್ತಿಸುವ ಬಗೆ, ಗುಂಡಿಗಳು, ಟಾರ್ಚು

ಕಿಡಿ ಹೊತ್ತಿಸಲು ಮೂರು ಬಗೆಗಳುಂಟು. ಟಂಗ್‌ಸ್ಟನ್ನನ್ನು ಬೆಂಕಿಕಡ್ಡಿಯಂತೆ ಲೋಹಕ್ಕೆ ಗೀರುವುದು ಹಳೆಯದು. ತುದಿ ಮುರಿದು ಬೆಸುಗೆಯಲ್ಲಿ ಸಿಕ್ಕಿಕೊಳ್ಳುತ್ತದೆ. ತಾಗಿಸಿ ಎತ್ತುವ ಲಿಫ್ಟ್ ಬಗೆಯಲ್ಲಿ ಯಂತ್ರವೇ ಮೊದಲ ಕ್ಷಣದಲ್ಲಿ ವಿದ್ಯುತ್ತನ್ನು ತಗ್ಗಿಸಿಕೊಳ್ಳುವುದರಿಂದ ಹಾನಿ ಕಡಿಮೆ. ಎಚ್‌ಎಫ್ ಎಂಬ ಅಧಿಕ ಆವರ್ತನದ ಬಗೆಯಲ್ಲಿ ತುದಿಯನ್ನು ತಾಗಿಸುವುದೇ ಇಲ್ಲ, ಒತ್ತುಗುಂಡಿ ಒತ್ತಿದೊಡನೆ ಕಿಡಿ ಹಾರುತ್ತದೆ. ಕಲಿಯುವವರಿಗೆ ಎಚ್‌ಎಫ್ ಇರುವ ಯಂತ್ರವನ್ನೇ ನಾನು ಹೇಳುವುದು, ಅಲ್ಯೂಮಿನಿಯಂಗಂತೂ ಅದು ಬೇಕೇ ಬೇಕು. ಎಚ್‌ಎಫ್ ಹೊತ್ತುವಾಗ ಹತ್ತಿರದ ಎಲೆಕ್ಟ್ರಾನಿಕ್ ಉಪಕರಣಗಳಿಗೆ ತೊಂದರೆಯಾಗಬಹುದು. ಹೃದಯದ ಪೇಸ್‌ಮೇಕರ್ ಹಾಕಿಸಿಕೊಂಡವರು ಮನೆಯಲ್ಲಿದ್ದರೆ ಅವರು ಶೆಡ್ಡಿನ ಕಡೆ ಬರಬಾರದು.

ಮುಂಬದಿಯ ಗುಂಡಿಗಳ ಸಾಲು ನೋಡಿ ಮರುಳಾಗಬೇಕಿಲ್ಲ. ಬೆಸುಗೆಯ ಕೊನೆಯಲ್ಲಿ ವಿದ್ಯುತ್ತನ್ನು ಮೆಲ್ಲಗೆ ಇಳಿಸುವ ಡೌನ್‌ಸ್ಲೋಪ್, ಕಿಡಿ ಆರಿದ ಮೇಲೂ ಅನಿಲ ಹರಿಸುತ್ತಲೇ ಇರುವ ಪೋಸ್ಟ್‌ಫ್ಲೋ ಈ ಎರಡು ಅತ್ಯಗತ್ಯ. ಮೊದಲನೆಯದಿಲ್ಲದಿದ್ದರೆ ಬೆಸುಗೆಯ ತುದಿಯ ಗುಳಿಯಲ್ಲಿ ಬಿರುಕು ಬಿಡುತ್ತದೆ, ಎರಡನೆಯದಿಲ್ಲದಿದ್ದರೆ ಕೆಂಪಗಿರುವ ಟಂಗ್‌ಸ್ಟನ್ ಗಾಳಿ ತಾಗಿ ಕಪ್ಪಾಗುತ್ತದೆ. ಹತ್ತು ಆಂಪಿಯರಿಗೆ ಒಂದು ಸೆಕೆಂಡಿನಂತೆ ಪೋಸ್ಟ್‌ಫ್ಲೋ ಇಟ್ಟರೆ ಸರಿ. ಒತ್ತುಗುಂಡಿಯನ್ನು ಹಿಡಿದುಕೊಂಡೇ ಇರಬೇಕಾದ 2ಟಿ, ಒತ್ತಿ ಬಿಡಬಹುದಾದ 4ಟಿ ಈಗ ಬಹುತೇಕ ಎಲ್ಲದರಲ್ಲೂ ಇವೆ. ವಿದ್ಯುತ್ತನ್ನು ತಾನಾಗಿ ಏರಿಸಿ ಇಳಿಸುತ್ತಿರುವ ಪಲ್ಸ್ ಇದ್ದರೆ ತೆಳು ಹಾಳೆ ಸೊಟ್ಟಗಾಗುವುದು ಕಡಿಮೆ, ಆದರೆ ಕೈ ಪಳಗುವವರೆಗೆ ಅದು ಗೊಂದಲವೇ. ಕಾಲಿನ ಪೆಡಲ್ ಜೋಡಿಸುವ ಸಾಕೆಟ್ ಇದೆಯೇ ಎಂದು ಕೇಳಿ. ಮೇಜಿನ ಮೇಲೆ ಕೂತು ಮಾಡುವ ಕೆಲಸಕ್ಕೆ ಪೆಡಲ್ ಕೊಡುವ ಹತೋಟಿಯನ್ನು ಪಲ್ಸ್ ಕೊಡಲಾರದು.

ಟಾರ್ಚುಗಳಲ್ಲಿ ಗಾಳಿಯಿಂದ ತಣಿಯುವ 17ನೆಯ ನಂಬರ್ 150 ಆಂಪಿಯರಿಗೆ, 26ನೆಯ ನಂಬರ್ 200 ಆಂಪಿಯರಿಗೆ. 17 ಹಗುರ, ಮನೆಯ ಕೆಲಸಕ್ಕೆ ಅದೇ ಹಿತ. ಇವೆರಡಕ್ಕೂ ಕಡ್ಡಿಯನ್ನು ಬಿಗಿಹಿಡಿಯುವ ಕಾಲೆಟ್, ಬಟ್ಟಲು, ಹಿಂಬದಿಯ ಟೋಪಿ ಒಂದೇ ಅಳತೆಯವಾದ್ದರಿಂದ ಬಿಡಿಭಾಗ ಸುಲಭವಾಗಿ ಸಿಗುತ್ತವೆ. ಬೇರೆಲ್ಲೂ ಸಿಗದ ಟಾರ್ಚು ಕೊಡುವ ಯಂತ್ರವನ್ನು ದೂರವಿಡಿ. ಬಟ್ಟಲಿನ ನಂಬರ್ ಎಂದರೆ ಅದರ ಬಾಯಿ ಇಂಚಿನ ಹದಿನಾರನೆಯ ಎಷ್ಟು ಭಾಗ ಅಗಲವಿದೆ ಎಂಬುದು. 6 ಎಂದರೆ ಸುಮಾರು ಒಂಬತ್ತೂವರೆ ಮಿಲಿಮೀಟರ್. ಎಸ್‌ಎಸ್ ಕೆಲಸ ಹೆಚ್ಚಿದ್ದರೆ ಗ್ಯಾಸ್ ಲೆನ್ಸ್ ಎಂಬ ಜಾಲರಿಯ ಭಾಗವನ್ನು ಕೂಡಲೇ ಕೊಳ್ಳಿ. ಅದರಿಂದ ಅನಿಲ ಸುಳಿಯಾಗದೆ ನೇರವಾಗಿ ಇಳಿದು, ಬೆಸುಗೆ ಬೂದುಬಣ್ಣಕ್ಕೆ ತಿರುಗದೆ ತಿಳಿಹೊಂಬಣ್ಣದಲ್ಲಿ ಉಳಿಯುತ್ತದೆ.

ಟಂಗ್‌ಸ್ಟನ್ ಕಡ್ಡಿಗಳನ್ನು ತುದಿಯ ಬಣ್ಣದಿಂದ ಗುರುತಿಸುತ್ತಾರೆ. ಅಂಗಡಿಯಲ್ಲಿ ಕೇಳದೆಯೇ ಕೈಗೆ ಕೊಡುವ ಕೆಂಪು ತುದಿಯದರಲ್ಲಿ ಥೋರಿಯಂ ಎಂಬ ವಿಕಿರಣಶೀಲ ಧಾತು ಎರಡು ಪ್ರತಿಶತದಷ್ಟು ಇರುತ್ತದೆ. ಅದನ್ನು ಹಿಡಿದರೆ ಅಪಾಯವಿಲ್ಲ, ಆದರೆ ಉಜ್ಜುವಾಗ ಏಳುವ ದೂಳನ್ನು ಉಸಿರಾಡುವುದು ಒಳ್ಳೆಯದಲ್ಲ. ಮಕ್ಕಳು ಓಡಾಡುವ ಮನೆಯಲ್ಲಿ ಬೂದು ತುದಿಯ ಸೀರಿಯಂ ಅಥವಾ ನೀಲಿ, ಬಂಗಾರ ತುದಿಯ ಲ್ಯಾಂಥನಂ ಕಡ್ಡಿಗಳನ್ನೇ ಕೇಳಿ ಪಡೆಯಿರಿ. ನೀಲಿಯದು ಎಸಿ, ಡಿಸಿ ಎರಡಕ್ಕೂ ಒಗ್ಗುತ್ತದೆ. 1.6 ಮತ್ತು 2.4 ಮಿಲಿಮೀಟರ್ ಎರಡು ಅಳತೆ ಸಾಕು. ಬೇರೆ ಯಾವುದನ್ನೂ ಉಜ್ಜದ ಒಂದು ಗ್ರೈಂಡಿಂಗ್ ಕಲ್ಲನ್ನು ಇದಕ್ಕೇ ಮೀಸಲಿಟ್ಟು, ಗೆರೆಗಳು ಕಡ್ಡಿಯ ಉದ್ದಕ್ಕೆ ಬರುವಂತೆ ಚೂಪು ಮಾಡಿ. ಫಿಲ್ಲರ್ ತಂತಿಗಳಲ್ಲಿ ಸಾಧಾರಣ ಉಕ್ಕಿಗೆ ಇಆರ್70ಎಸ್-2 ಅಥವಾ 70ಎಸ್-6, 304 ದರ್ಜೆಯ ಎಸ್‌ಎಸ್‌ಗೆ 308ಎಲ್, ಎಸ್‌ಎಸ್ ಮತ್ತು ಎಂಎಸ್ ಎರಡನ್ನು ಕೂಡಿಸಲು 309ಎಲ್.

ಆರ್ಗಾನ್

ಯಂತ್ರಕ್ಕೆ ಹಣ ಒಮ್ಮೆ ಕೊಡುತ್ತೀರಿ, ಆರ್ಗಾನಿಗೆ ಕೊಡುತ್ತಲೇ ಇರುತ್ತೀರಿ. ಸುರಪುರ, ಗುರುಮಠಕಲ್, ಔರಾದ್ ಕಡೆಯವರು ಯಂತ್ರ ನೋಡುವ ಮೊದಲೇ ಸಿಲಿಂಡರ್ ಎಲ್ಲಿ ತುಂಬಿಸುತ್ತೇವೆ ಎಂಬುದನ್ನು ತೀರ್ಮಾನಿಸಿಕೊಳ್ಳಬೇಕು. ಕಲಬುರಗಿಯವರು ಕಪನೂರು ಕೈಗಾರಿಕಾ ಪ್ರದೇಶದ, ಬೀದರಿನವರು ಕೊಳಾರ ಕೈಗಾರಿಕಾ ಪ್ರದೇಶದ ಫ್ಯಾಬ್ರಿಕೇಷನ್ ಶೆಡ್ಡುಗಳಲ್ಲಿ ಅವರು ಯಾರಿಂದ ತರಿಸುತ್ತಾರೆಂದು ವಿಚಾರಿಸಿದರೆ ದಾರಿ ಸಿಗುತ್ತದೆ.

ದೊಡ್ಡ ಸಿಲಿಂಡರಿನಲ್ಲಿ ಸುಮಾರು 7 ಘನ ಮೀಟರ್ ಅನಿಲ ಇರುತ್ತದೆ, ಸಣ್ಣದರಲ್ಲಿ ಒಂದೂವರೆ. ನಿಮಿಷಕ್ಕೆ 8 ಲೀಟರಿನಂತೆ ಹರಿಸಿದರೆ ದೊಡ್ಡದು ಹದಿನಾಲ್ಕು ಗಂಟೆಗೂ ಮಿಗಿಲಾಗಿ ಬರುತ್ತದೆ, ಸಣ್ಣದು ಮೂರು ಗಂಟೆ. ಸಣ್ಣ ಸಿಲಿಂಡರಿನಲ್ಲಿ ಘನ ಮೀಟರಿಗೆ ಬೀಳುವ ದರ ಹೆಚ್ಚು, ಓಡಾಟವೂ ಹೆಚ್ಚು. ದೊಡ್ಡದನ್ನು ಒಬ್ಬರೇ ಸಾಗಿಸಲಾಗದು, ಆದರೆ ಜಾಗ ಮತ್ತು ಟೆಂಪೋ ವ್ಯವಸ್ಥೆ ಇದ್ದವರಿಗೆ ಅದೇ ಲಾಭ. ಸಿಲಿಂಡರನ್ನು ಸ್ವಂತಕ್ಕೆ ಕೊಳ್ಳುವುದೋ ಠೇವಣಿ ಇಟ್ಟು ಬಾಡಿಗೆಗೆ ತರುವುದೋ ಎಂಬುದು ನಿಮ್ಮ ಕೆಲಸದ ಪ್ರಮಾಣಕ್ಕೆ ಬಿಟ್ಟದ್ದು. ತಿಂಗಳಿಗೊಮ್ಮೆ ಬೆಸುಗೆ ಹಾಕುವವರಿಗೆ ಬಾಡಿಗೆ ಸುಮ್ಮನೆ ಏರುತ್ತ ಹೋಗುತ್ತದೆ. ಸ್ವಂತಕ್ಕೆ ಕೊಳ್ಳುವುದಾದರೆ ಕುತ್ತಿಗೆಯ ಮೇಲೆ ಕೆತ್ತಿದ ಪರೀಕ್ಷೆಯ ದಿನಾಂಕ ನೋಡಿ. ಒತ್ತಡ ಪರೀಕ್ಷೆಯ ಅವಧಿ ಮೀರಿದ ಸಿಲಿಂಡರನ್ನು ತುಂಬುವುದು ನಿಯಮಬಾಹಿರ. ಅಗ್ಗವಾಗಿ ಸಿಕ್ಕಿತೆಂದು ತಂದ ಹಳೆಯ ಸಿಲಿಂಡರ್ ಮೂಲೆಯಲ್ಲಿ ನಿಲ್ಲುವುದಕ್ಕಷ್ಟೇ ಬರುತ್ತದೆ.

ಕೇಳುವಾಗ ಶುದ್ಧ ಆರ್ಗಾನ್, 99.99 ಪ್ರತಿಶತಕ್ಕಿಂತ ಕಡಿಮೆಯಿಲ್ಲದ್ದು ಎಂದು ಸ್ಪಷ್ಟವಾಗಿ ಹೇಳಿ. ತಂತಿಯನ್ನು ತಾನಾಗಿ ಉಣಿಸುವ ಮಿಗ್ ಯಂತ್ರಗಳಿಗೆಂದು ಮಾರುವ ಆರ್ಗಾನ್ ಮತ್ತು ಇಂಗಾಲದ ಡೈಆಕ್ಸೈಡ್ ಮಿಶ್ರಣವನ್ನು ಇದಕ್ಕೆ ಜೋಡಿಸಿದರೆ ಟಂಗ್‌ಸ್ಟನ್ ತುದಿ ಕ್ಷಣದಲ್ಲಿ ಸುಟ್ಟು ಕರಕಾಗುತ್ತದೆ. ಗಾಜಿನ ಕೊಳವೆಯೊಳಗೆ ಗುಂಡು ತೇಲುವ ಫ್ಲೋಮೀಟರ್ ಇರುವ ರೆಗ್ಯುಲೇಟರೇ ಬೇಕು, ಬರೀ ಒತ್ತಡದ ಮುಳ್ಳು ತೋರಿಸುವುದರಿಂದ ಹರಿವಿನ ಅಂದಾಜು ಸಿಗುವುದಿಲ್ಲ. ಆರರಿಂದ ಹತ್ತು ಲೀಟರ್ ಸಾಕು. ಹೆಚ್ಚು ಹರಿಸಿದರೆ ಹೆಚ್ಚು ರಕ್ಷಣೆ ಎಂದುಕೊಳ್ಳುವುದು ತಪ್ಪು. ರಭಸ ಮೀರಿದ ಅನಿಲ ಸುಳಿಯೆದ್ದು ಹೊರಗಿನ ಗಾಳಿಯನ್ನೇ ಒಳಗೆಳೆಯುತ್ತದೆ. ಪ್ರತಿ ಸಲ ಜೋಡಿಸಿದ ಮೇಲೆ ಸಂಧಿಗಳಿಗೆಲ್ಲ ಸಾಬೂನು ನೀರು ಹಚ್ಚಿ ಗುಳ್ಳೆ ಏಳುತ್ತದೆಯೇ ನೋಡಿ, ಕೆಲಸ ಮುಗಿದೊಡನೆ ಸಿಲಿಂಡರಿನ ವಾಲ್ವನ್ನೇ ಮುಚ್ಚಿ.

ಸಿಲಿಂಡರ್ ನಿಲ್ಲುವ ಜಾಗದಲ್ಲಿ ಗೋಡೆಗೆ ಸರಪಳಿ ಬಿಗಿದಿರಬೇಕು. ಉರುಳಿ ಬಿದ್ದು ವಾಲ್ವ್ ಮುರಿದರೆ ಒಳಗಿನ 150 ಬಾರ್ ಒತ್ತಡ ಅದನ್ನು ಎತ್ತಲೆಂದರತ್ತ ನುಗ್ಗಿಸುತ್ತದೆ. ಸಾಗಿಸುವಾಗ ಟೋಪಿ ಹಾಕಿ, ರೆಗ್ಯುಲೇಟರ್ ಬಿಚ್ಚಿ, ನೆಟ್ಟಗೆ ಕಟ್ಟಿ. ಬೈಕಿನ ಹಿಂದೆ ಅಡ್ಡ ಕಟ್ಟಿಕೊಂಡು ಬರುವ ರೂಢಿ ಬೇಡ. ಆರ್ಗಾನಿಗೆ ವಾಸನೆಯಿಲ್ಲ, ಅದು ಗಾಳಿಗಿಂತ ಭಾರ. ಬಾಗಿಲು ಹಾಕಿದ ಸಣ್ಣ ಕೋಣೆಯಲ್ಲಿ ಸೋರಿದರೆ ನೆಲಮಟ್ಟದಿಂದ ತುಂಬುತ್ತ ಬಂದು ಉಸಿರಾಡುವ ಆಮ್ಲಜನಕವನ್ನು ಹೊರದೂಡುತ್ತದೆ.

ಗಾಳಿ, ದೂಳು, ಹೊಗೆ

ಇಲ್ಲೊಂದು ಇಕ್ಕಟ್ಟಿದೆ. ಉಸಿರಿಗೆ ಗಾಳಿ ಬೇಕು, ಬೆಸುಗೆಗೆ ಗಾಳಿ ಬೇಡ. ಮೇ ತಿಂಗಳ ಸೆಕೆಯಲ್ಲಿ ಕೂಲರನ್ನು ಬೆನ್ನಿಗೆ ತಿರುಗಿಸಿಕೊಂಡು ಕೂತರೆ ಆರ್ಗಾನಿನ ಮರೆ ಚದರಿ ಬೆಸುಗೆಯ ತುಂಬ ತೂತುಗಳೇಳುತ್ತವೆ. ಮಾಳಿಗೆಯ ಮೇಲೆ ಸಂಜೆ ಗಾಳಿಯಲ್ಲಿ ಮಾಡಿದರೂ ಇದೇ ಗತಿ. ಹೊಗೆಯನ್ನು ಹಿಂದಿನ ಕಿಟಕಿಯಿಂದ ಹೊರಗೆಳೆಯುವ ಎಕ್ಸಾಸ್ಟ್ ಫ್ಯಾನ್ ಹಾಕಿಸಿ, ಕೆಲಸದ ಮೇಜಿನ ಮೂರು ಬದಿಗೆ ತಗಡಿನ ಮರೆ ನಿಲ್ಲಿಸುವುದು ಒಳ್ಳೆಯ ಉಪಾಯ.

ಯಂತ್ರದೊಳಗಿನ ಫ್ಯಾನು ದೂಳನ್ನೂ ಎಳೆದುಕೊಳ್ಳುತ್ತದೆ. ತೊಗರಿ ರಾಶಿಯ ಕಾಲದ ಹೊಟ್ಟು, ಶಹಾಬಾದ್, ವಾಡಿ, ಸೇಡಂ ಕಡೆಯ ಸುಣ್ಣಕಲ್ಲು ಮತ್ತು ಸಿಮೆಂಟಿನ ದೂಳು, ಗ್ರೈಂಡರಿನಿಂದ ಹಾರುವ ಕಬ್ಬಿಣದ ಪುಡಿ ಎಲ್ಲವೂ ಒಳಗಿನ ಬೋರ್ಡಿನ ಮೇಲೆ ಕೂರುತ್ತವೆ. ಕಬ್ಬಿಣದ ಪುಡಿ ವಿದ್ಯುತ್ತನ್ನು ಹರಿಸುವ ವಸ್ತುವಾದ್ದರಿಂದ ಅದೇ ಹೆಚ್ಚು ಅಪಾಯ. ಗ್ರೈಂಡಿಂಗ್ ಮಾಡುವ ಜಾಗವನ್ನು ಯಂತ್ರದಿಂದ ದೂರವಿಡಿ. ಕೆಲವು ತಿಂಗಳಿಗೊಮ್ಮೆ ಪ್ಲಗ್ ಕಿತ್ತು, ಸ್ವಲ್ಪ ಹೊತ್ತು ಬಿಟ್ಟು, ಕಡಿಮೆ ಒತ್ತಡದ ಒಣಗಾಳಿಯಿಂದ ಒಳಗೆ ಊದಿ.

ಜಿಐ ಕೊಳವೆಯ ಮೇಲಿನ ಸತುವಿನ ಲೇಪವನ್ನು ಉಜ್ಜಿ ತೆಗೆಯದೆ ಬೆಸೆಯಬಾರದು. ಸತು 907 ಡಿಗ್ರಿಗೇ ಕುದಿದು ಬಿಳಿ ಹೊಗೆಯಾಗುತ್ತದೆ. ಅದನ್ನು ಕುಡಿದವರಿಗೆ ರಾತ್ರಿ ಚಳಿಜ್ವರ ಬರುತ್ತದೆ. ಇದೇ ಕಾರಣಕ್ಕೆ ಬೀದರಿನವರಿಗೆ ಇನ್ನೊಂದು ಮಾತು: ಬಿದ್ರಿ ಪಾತ್ರೆಯ ಲೋಹ ಬಹುಪಾಲು ಸತುವೇ, ಜೊತೆಗೆ ಸ್ವಲ್ಪ ತಾಮ್ರ. ಮನೆಯ ಹಳೆಯ ಹೂಜಿ ಬಿರುಕು ಬಿಟ್ಟಿದ್ದರೆ ಅದನ್ನು ಕುಶಲಕರ್ಮಿಗಳ ಕೈಗೆ ಒಪ್ಪಿಸಿ, ಟಿಗ್ ಟಾರ್ಚಿನ ಹತ್ತಿರ ತರಬೇಡಿ. ಜಿಡ್ಡು ತೆಗೆಯಲು ಅಸಿಟೋನ್ ಬಳಸಿ, ಅದು ಪೂರ್ತಿ ಆರಿದ ಮೇಲೆ ಕಿಡಿ ಹಚ್ಚಿ. ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್ ಬಳಸಿದರೆ ಕಿಡಿಯ ಬೆಳಕಿಗೆ ಅದು ಫಾಸ್‌ಜೀನ್ ಎಂಬ ವಿಷಾನಿಲವಾಗಬಲ್ಲದು.

ತಾನಾಗಿ ಕಪ್ಪಾಗುವ ಹೆಲ್ಮೆಟ್ಟಿನಲ್ಲಿ ಅಗ್ಗದ್ದನ್ನು ಆರಿಸಬೇಡಿ. ರಾಡಿನ ಪ್ರಖರ ಬೆಳಕಿಗೆ ಸರಿಯಾಗಿ ಕೆಲಸ ಮಾಡುವ ಹೆಲ್ಮೆಟ್ಟು 15 ಆಂಪಿಯರಿನ ಟಿಗ್ ಕಿಡಿಯನ್ನು ಗುರುತಿಸದೆ ಕಣ್ಣು ಮಿಟುಕಿದಂತೆ ತೆರೆದು ಮುಚ್ಚಬಹುದು. ಕಡಿಮೆ ಆಂಪಿಯರಿನ ಟಿಗ್‌ಗೆ ತಕ್ಕದ್ದೆಂದು ಬರೆದಿರುವ, ನಾಲ್ಕು ಸೆನ್ಸರುಗಳ, 9ರಿಂದ 13ರವರೆಗೆ ಛಾಯೆ ಬದಲಿಸಬಹುದಾದದ್ದನ್ನು ಕೊಳ್ಳಿ. ಟಿಗ್ ಕಿಡಿಯ ಅತಿನೇರಳೆ ಕಿರಣ ಬರಿಯ ತೋಳನ್ನು ಬಿಸಿಲಿಗಿಂತ ಬೇಗ ಸುಡುತ್ತದೆ, ಹತ್ತಿಯ ದಪ್ಪ ತುಂಬುತೋಳಿನ ಅಂಗಿ ಇರಲಿ.

ಅಂಗಡಿಯಲ್ಲಿ

ಬೀದರಿನವರಿಗೆ ಹೈದರಾಬಾದ್, ಕಲಬುರಗಿಯವರಿಗೆ ಸೊಲ್ಲಾಪುರ ಹತ್ತಿರ. ಅಲ್ಲಿ ಆಯ್ಕೆಯೂ ಹೆಚ್ಚು, ಆನ್‌ಲೈನಿನಲ್ಲಿ ಇನ್ನೂ ಹೆಚ್ಚು. ಆದರೆ ಕೆಟ್ಟಾಗ ಹೊತ್ತುಕೊಂಡು ಅಷ್ಟು ದೂರ ಹೋಗಬೇಕಾದವರು ನೀವೇ. ಈಸಾಬ್, ಆಡೋರ್‌ನಂಥ ಹಳೆಯ ಹೆಸರುಗಳ ಯಂತ್ರ ದುಬಾರಿ. ಚೀನಾದಲ್ಲಿ ತಯಾರಾಗಿ ಹತ್ತಾರು ಹೆಸರಿನಲ್ಲಿ ಮಾರಾಟವಾಗುವವು ಅಗ್ಗ, ಅವುಗಳಲ್ಲೂ ಚೆನ್ನಾಗಿ ಬಾಳುವವು ಇವೆ. ಹೆಸರಿಗಿಂತ ಮುಖ್ಯವಾಗಿ ನಿಮ್ಮೂರಿಗೆ ಹತ್ತಿರದಲ್ಲಿ ಇನ್ವರ್ಟರ್ ವೆಲ್ಡಿಂಗ್ ಯಂತ್ರದ ಬೋರ್ಡು ರಿಪೇರಿ ಮಾಡುವವರು ಯಾರೆಂದು ಮೊದಲು ತಿಳಿದುಕೊಂಡು, ಅವರು ಯಾವ ಮಾದರಿಯ ಬಿಡಿಭಾಗ ಇಟ್ಟಿರುತ್ತಾರೋ ಅದನ್ನು ಕೊಳ್ಳುವುದು ಜಾಣತನ. ಜಿಎಸ್‌ಟಿ ಬಿಲ್ಲಿನಲ್ಲಿ ಯಂತ್ರದ ಕ್ರಮಸಂಖ್ಯೆ ಬರೆಸಿಕೊಳ್ಳಿ, ಇಲ್ಲದಿದ್ದರೆ ವಾರಂಟಿ ಮಾತಿಗಷ್ಟೇ ಉಳಿಯುತ್ತದೆ.

ಹೋಗುವಾಗ ನಿಮ್ಮ ಕೆಲಸದ ಲೋಹದ ತುಂಡುಗಳನ್ನೇ ಜೊತೆಗೆ ಒಯ್ಯಿರಿ: ಒಂದು ಮಿಲಿಮೀಟರ್ ಎಸ್‌ಎಸ್ ಹಾಳೆ, ಮೂರು ಮಿಲಿಮೀಟರ್ ಎಂಎಸ್ ಪಟ್ಟಿ, ಎಸಿ ಯಂತ್ರವಾದರೆ ಅಲ್ಯೂಮಿನಿಯಂ ತುಂಡು. ಆಂಪಿಯರನ್ನು ಕನಿಷ್ಠಕ್ಕೆ ಇಳಿಸಿ, ಮತ್ತೆ ಮತ್ತೆ ಕಿಡಿ ಹೊತ್ತಿಸಿ. ಹತ್ತರಲ್ಲಿ ಎರಡು ಸಲ ತಪ್ಪಿದರೆ ಆ ಯಂತ್ರ ಬೇಡ. ಗುಂಡಿ ಒತ್ತಿದಾಗ ಕಿಡಿಗೆ ಮೊದಲೇ ಅನಿಲದ ಸದ್ದು ಬರುತ್ತದೆಯೇ, ಬಿಟ್ಟ ಮೇಲೆ ನೀವು ಇಟ್ಟಷ್ಟು ಸೆಕೆಂಡು ಹರಿಯುತ್ತದೆಯೇ, ಡೌನ್‌ಸ್ಲೋಪಿನಲ್ಲಿ ಕಿಡಿ ಮೆಲ್ಲಗೆ ಕುಗ್ಗುತ್ತದೆಯೇ ಅಥವಾ ಥಟ್ಟನೆ ಆರುತ್ತದೆಯೇ ನೋಡಿ. ಅರ್ಥಿಂಗ್ ಕ್ಲಾಂಪಿನ ಸ್ಪ್ರಿಂಗ್ ಸಡಿಲವಿದ್ದರೆ ಅಲ್ಲೇ ಬದಲಿಸಿಕೊಳ್ಳಿ. ಟಾರ್ಚಿನ ಕೊಳವೆ ನಾಲ್ಕು ಮೀಟರ್ ಇರಲಿ, ಅದನ್ನು ಮಡಚಿದಾಗ ಗಟ್ಟಿ ರಬ್ಬರಿನಂತೆ ಸೆಡೆತು ನಿಂತರೆ ಮೃದುವಾದದ್ದನ್ನು ಕೇಳಿ. ಹಳೆಯ ಯಂತ್ರ ಕೊಳ್ಳುವವರು ಬದಿಯ ತಗಡನ್ನು ಬಿಚ್ಚಿಸಿ ಒಳಗೆ ಸುಟ್ಟ ಗುರುತು, ಹೊಸದಾಗಿ ಹಚ್ಚಿದ ಸೋಲ್ಡರ್ ಇದೆಯೇ ನೋಡದೆ ಬೆಲೆ ಮಾತಾಡಬಾರದು. ಬೆಸೆದ ತುಂಡುಗಳನ್ನು ಮನೆಗೆ ತನ್ನಿ. ನಿಮ್ಮ ಸಿಲಿಂಡರ್, ನಿಮ್ಮ ಸಾಕೆಟ್ಟಿನಲ್ಲಿ ಅದೇ ಅಂಕಿಗಳನ್ನು ಇಟ್ಟು ಮಾಡಿದ ಬೆಸುಗೆ ಬೇರೆ ಬಣ್ಣಕ್ಕೆ ಬಂದರೆ ಮೊದಲು ಆರ್ಗಾನಿನ ಸಂಧಿಗಳನ್ನೂ ಆಮೇಲೆ ವೋಲ್ಟೇಜನ್ನೂ ಪರೀಕ್ಷಿಸಿ, ಅವೆರಡೂ ಸರಿಯಿದ್ದರೆ ಮಾತ್ರ ಯಂತ್ರವನ್ನು ಅಂಗಡಿಗೆ ಮರಳಿ ಒಯ್ಯಿರಿ.